ಪರವಾಗಿಲ್ಲ ಅನ್ನುವವರನ್ನು ಮೊದಲು ನೋಡು

ನಮ್ಮಜ್ಜಿಯ ಬಾಯಲ್ಲಿ ‘ಪರವಾಗಿಲ್ಲ’ ಎಂಬ ಮಾತಿಗೆ ಹಲವು ತೂಕಗಳಿದ್ದವು. ಕಾಫಿ ನೀರಾಗಿದ್ದರೂ ಪರವಾಗಿಲ್ಲ, ಸೊಸೆ ಮಾಡಿದ ಹುಳಿ ಬಲು ಚೆನ್ನಾಗಿದ್ದರೂ ಪರವಾಗಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಕೂತಾಗಲೂ ಪರವಾಗಿಲ್ಲ. ಚಾಮರಾಜಪೇಟೆಯ ಆ ಮನೆಯಲ್ಲಿ ಮಾತು ಕಲಿತ ನನಗೆ, ಇದು ಯಾವ ಪರವಾಗಿಲ್ಲ ಎಂಬುದನ್ನು ಹೇಳಿದವರ ಮುಖ ನೋಡಿಯೇ ತಿಳಿಯಬೇಕೆಂದು ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದೂ ಎಡವಿದೆ. ಅದೂ ಎರಡು ಸಲ.

ಮೊದಲ ಸಲ ಎಡವಿದ್ದು ನರ್ಸ್ ಆಗಿ. ಕಲಾಸಿಪಾಳ್ಯಕ್ಕೆ ಕೂಗಳತೆಯಲ್ಲಿರುವ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ, ನಮ್ಮ ಬಾಯಲ್ಲಿ ಕ್ಯಾಶುಯಲ್ಟಿಗೆ, ಹೊಸದಾಗಿ ಸೇರಿದ್ದೆ. ಒಂದು ಬೆಳಿಗ್ಗೆ ಆಲೂಗಡ್ಡೆ ಮೂಟೆ ಪಾದದ ಮೇಲೆ ಬಿದ್ದ ಹಮಾಲರೊಬ್ಬರು ಮಾರ್ಕೆಟ್ಟಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಅವರ ಹಿಂದೆ ಬಸವನಗುಡಿಯ ನಿವೃತ್ತ ಮೇಷ್ಟರೊಬ್ಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. “ಪರವಾಗಿಲ್ಲಮ್ಮ, ಮೊದ್ಲು ಅವರನ್ನ ನೋಡಿ” ಎಂದು ಪಕ್ಕಕ್ಕೆ ಸರಿದರು. ನಾನು ಹಮಾಲರ ಕಡೆ ತಿರುಗಿದೆ.

ಅಷ್ಟರಲ್ಲಿ ನಮ್ಮ ಇನ್‌ಚಾರ್ಜ್ ಸಿಸ್ಟರ್, ಅಂದರೆ ಆ ವಿಭಾಗದ ನರ್ಸ್‌ಗಳಿಗೆಲ್ಲ ಹಿರಿಯರು, ಬಂದವರೇ ಮೇಷ್ಟರ ಕೊರಳ ಬೆವರು ನೋಡಿದರು.

“ಮೇಷ್ಟ್ರೇ, ಬೆಳಿಗ್ಗೆ ಏನು ತಿಂದ್ರಿ?”

“ಏನೂ ಸೇರಲಿಲ್ಲಮ್ಮ.”

“ಗೇಟಿಂದ ಇಲ್ಲಿಗೆ ಬರೋಕೆ ಎಷ್ಟು ಕಡೆ ನಿಂತ್ರಿ?”

“ಒಂದು ಮೂರು ಕಡೆ.”

ಮರುಕ್ಷಣ ಮೇಷ್ಟರು ಹಾಸಿಗೆಯ ಮೇಲಿದ್ದರು. ಹೃದಯಾಘಾತ. ಉಳಿದುಕೊಂಡರು. ಆ ಮಧ್ಯಾಹ್ನ ಸಿಸ್ಟರ್ ನನ್ನನ್ನು ಔಷಧಿ ಬೀರುವಿನ ಹತ್ತಿರ ಕರೆದು, ಬಯ್ಯದೆ ಹೇಳಿದರು. “ಕೂಗೋರಿಗೆ ಕೂಗೋಷ್ಟು ಉಸಿರಿದೆ ಕಣೇ, ಕಾಯ್ತಾರೆ. ಪರವಾಗಿಲ್ಲ ಅನ್ನೋರನ್ನ ಮೊದ್ಲು ನೋಡು. ಹೇಗಿದೀರಿ ಅಂತ ಕೇಳ್ಲೇಬೇಡ, ನಮ್ಮೋರ ಹತ್ರ ಅದಕ್ಕೆ ಒಂದೇ ಉತ್ತರ. ಏನು ತಿಂದ್ರಿ, ಎಷ್ಟು ದೂರ ನಡೆದ್ರಿ, ಅದನ್ನ ಕೇಳು.”

ಅವರ ಕೈಕೆಳಗೆ ಹನ್ನೆರಡು ವರ್ಷ ದುಡಿದೆ. ಆಮೇಲೆ ಓದು ಮುಂದುವರಿಸಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ನರ್ಸ್‌ಗಳು ಕೆಲಸದಲ್ಲಿ ಅನುಭವಿಸುವ ಒತ್ತಡವನ್ನೇ ಪಿಎಚ್‌ಡಿಗೆ ವಿಷಯವಾಗಿ ಹಿಡಿದೆ. ಅಂದಿನಿಂದ ಸಿಸ್ಟರ್ ಬಾಯಲ್ಲಿ ನಾನು ‘ಔಷಧಿ ಚೀಟಿ ಬರೆಯೋಕೆ ಬಾರದ ಡಾಕ್ಟ್ರಮ್ಮ’. ಮುಂದೆ ಹೇಳುವುದನ್ನೆಲ್ಲ ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. “ಹೆಸರು ಹಾಕ್ಬೇಡ, ನನ್ನ ಕನ್ನಡಕದ ವಿಷಯಾನೂ ಹಾಕ್ಬೇಡ, ಅದ್ರಲ್ಲೇ ಕಂಡುಹಿಡೀತಾರೆ” ಅಂದರು. ಹಾಕಿಲ್ಲ.

ಎರಡನೆಯ ಸಲ ಎಡವಿದ್ದು ಈ ಸಂಶೋಧನೆಯಲ್ಲಿ. ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ತರಬೇಕಿತ್ತು. ಪ್ರತಿ ಪ್ರಶ್ನೆಯ ಮುಂದೆ ಐದು ಮನೆ. ಇಲ್ಲವೇ ಇಲ್ಲ ಎಂಬುದರಿಂದ ತಡೆಯಲಾರದಷ್ಟು ಎಂಬುದರವರೆಗೆ ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ನಡುವಿನ ಮನೆಗೆ ನನ್ನ ಪಿಎಚ್‌ಡಿ ಗೈಡ್ ‘ಮಧ್ಯಮ’ ಎಂದು ಸೂಚಿಸಿದರು.

“ಸರ್, ಯಾವ ನರ್ಸ್ ಮಧ್ಯಮ ಅಂತ ಮಾತಾಡ್ತಾರೆ? ನಮ್ಮ ಜನರ ಮಾತು ನನಗೆ ಬಿಡಿ” ಎಂದು ಜಂಬದಿಂದ ‘ಪರವಾಗಿಲ್ಲ’ ಎಂದು ಹಾಕಿದೆ.

ಫಾರ್ಮುಗಳನ್ನು ನಾನು ಹಿಂದೆ ಕೆಲಸ ಮಾಡಿದ ಆಸ್ಪತ್ರೆಯಲ್ಲೂ ಹಂಚಿದೆ. ಹೆಸರು ಬರೆಯಬೇಡಿ, ನೀವು ಯಾರೆಂದು ಯಾರಿಗೂ ತಿಳಿಯುವುದಿಲ್ಲ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ನರ್ಸ್‌ಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಬೀಗ ಹಾಕಿದ ಡಬ್ಬ ಇಟ್ಟು ಬಂದೆ. ಎರಡು ವಾರದ ನಂತರ ಮನೆಗೆ ತಂದು, ನೆಲದ ಮೇಲೆ ಹರಡಿಕೊಂಡು ಕೂತೆ. ಬಸ್ಸಿಗೆ ಎರಡು ಬಾಗಿಲಿದ್ದರೂ ಜನ ಒಂದಕ್ಕೇ ನುಗ್ಗುವ ಹಾಗೆ, ಗುರುತುಗಳೆಲ್ಲ ನಡುವಿನ ಮನೆಗೇ ನುಗ್ಗಿದ್ದವು. ಊಟಕ್ಕೆ ಸಮಯ ಸಿಗದೆ ಕಷ್ಟವಾಗುತ್ತದೆಯೇ? ಪರವಾಗಿಲ್ಲ. ರೋಗಿಗಳ ಕಡೆಯವರ ಬೈಗುಳದಿಂದ ನೋವಾಗುತ್ತದೆಯೇ? ಪರವಾಗಿಲ್ಲ. ನಾನು ಅವರಿಗೆ ಮನೆ ಕೊಟ್ಟಿರಲಿಲ್ಲ, ಅಡಗಿಕೊಳ್ಳಲು ಜಾಗ ಕೊಟ್ಟಿದ್ದೆ. ನನ್ನ ಜಂಬಕ್ಕೆ ನಾನೇ ನಕ್ಕೆ.

ಒಂದು ಫಾರ್ಮಿನ ಹತ್ತಿರ ನಗು ನಿಂತಿತು. ಅದರಲ್ಲೂ ಎಲ್ಲ ಪ್ರಶ್ನೆಗೂ ಪರವಾಗಿಲ್ಲವೇ. ಆದರೆ ಕೊನೆಯಲ್ಲಿ, ಇನ್ನೇನಾದರೂ ಹೇಳುವುದಿದ್ದರೆ ಬರೆಯಿರಿ ಎಂಬಲ್ಲಿ, ಒಂದು ಸಾಲಿತ್ತು. “ಡ್ಯೂಟಿಗೆ ಹೊರಟು ಸ್ಟಾಪಿನಲ್ಲಿ ನಿಲ್ಲುತ್ತೇನೆ, ಬಸ್ಸು ಬಂದರೆ ಬಿಟ್ಟುಬಿಡುತ್ತೇನೆ, ಒಂದೊಂದು ದಿನ ಮೂರು ಬಸ್ಸು.” ಉಳಿದ ಖಾಲಿ ಜಾಗಕ್ಕೆ ಒಂದು ಗೆರೆ, ತುದಿಯಲ್ಲಿ ಒಂದು ಕೊಕ್ಕೆ. ಆಮೇಲೆ ಯಾರೂ ಏನನ್ನೂ ಸೇರಿಸದಿರಲಿ ಎಂದು ನರ್ಸ್‌ಗಳೆಲ್ಲ ರಿಪೋರ್ಟ್ ಪುಸ್ತಕದಲ್ಲಿ ಹಾಗೆ ಗೆರೆ ಎಳೆಯುತ್ತೇವೆ. ಗೆರೆಯ ತುದಿಗೆ ಕೊಕ್ಕೆ ಹಾಕುವವರು ಮಾತ್ರ ನನಗೆ ತಿಳಿದಂತೆ ಒಬ್ಬರೇ. ಹನ್ನೆರಡು ವರ್ಷ ಆ ಕೊಕ್ಕೆಯ ಕೆಳಗಿನಿಂದ ನಾನು ನನ್ನ ಪಾಳಿಯ ವರದಿ ಶುರು ಮಾಡಿದ್ದೇನೆ.

ಗೈಡಿಗೆ ಫೋನ್ ಮಾಡಿದೆ. ಯಾರೆಂದು ಹೇಳದೆ, ಒಬ್ಬರ ಅಕ್ಷರ ಗುರುತು ಸಿಕ್ಕಿದೆ ಎಂದಷ್ಟೇ ಹೇಳಿದೆ.

“ಸಿಕ್ಕಿದ್ರೂ ಸಿಗದ ಹಾಗಿರ್ಬೇಕು ನೀವು” ಅಂದರು. “ಒಬ್ಬರ ಹತ್ರ ಮಾತು ತಪ್ಪಿದ್ರೆ ನಾಳೆ ಯಾರು ನಿಜ ಬರೀತಾರೆ? ಫಾರ್ಮಿನ ಕೆಳಗಡೆ ಆಪ್ತಸಮಾಲೋಚಕರ ನಂಬರ್ ಕೊಟ್ಟಿದೀವಲ್ಲ.”

“ಇವರು ಫೋನ್ ಮಾಡೋರಲ್ಲ ಸರ್.”

ಗೈಡ್ ಹೇಳಿದ್ದು ಸರಿ. ಆದರೆ ಸಿಸ್ಟರ್ ಯಾರಿಗೂ ಹೇಳದೆ ಒಂದು ದಿನ ಕುಸಿದುಹೋಗುವವರ ಪೈಕಿ. ಆ ದಿನ ಕೈಯಲ್ಲಿ ಯಾರ ಇಂಜೆಕ್ಷನ್ ಇರುತ್ತದೋ. ಮಾತಾಡಿದರೆ ಅವರ ನಂಬಿಕೆ ಕಳೆದುಕೊಳ್ಳುತ್ತೇನೆ, ಮಾತಾಡದಿದ್ದರೆ ಅವರನ್ನೇ. ಎರಡು ದಿನ ಯೋಚಿಸಿ, ಮೂರನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಹನುಮಂತನಗರದ ಅವರ ಬಸ್ ಸ್ಟಾಪಿನಲ್ಲಿ ನಿಂತಿದ್ದೆ.

“ಏನೇ ಡಾಕ್ಟ್ರಮ್ಮ, ಇಷ್ಟೊತ್ತಿಗೆ ಇಲ್ಲಿ?”

“ಗುಡ್ಡದ ದೇವಸ್ಥಾನಕ್ಕೆ ಬಂದಿದ್ದೆ ಸಿಸ್ಟರ್.”

“ನೀನು? ಪುಳಿಯೋಗರೆ ಹಂಚೋ ಹೊತ್ತು ಬಿಟ್ಟು ಬೇರೆ ಹೊತ್ತಲ್ಲಿ ದೇವಸ್ಥಾನಕ್ಕೆ ಹೋದೋಳಾ ನೀನು?”

ಬಸ್ಸು ಬಂತು. “ರಶ್ಶಿದೆ” ಅಂದರು. ಅರ್ಧ ಸೀಟು ಖಾಲಿಯಿತ್ತು. ಮಗಳ ವಿಷಯ, ಮೊಮ್ಮಗುವಿನ ಹಲ್ಲಿನ ವಿಷಯ ಮಾತಾಡಿದೆವು. ಇನ್ನೊಂದು ಬಂತು. “ಇದು ಸುತ್ತು ಹಾಕ್ಕೊಂಡು ಹೋಗುತ್ತೆ.” ನಾನು ತಡೆಯಲಾರದೆ ಕೇಳಿದೆ.

“ಸಿಸ್ಟರ್, ಬೆಳಿಗ್ಗೆ ಏನು ತಿಂದ್ರಿ?”

ಅವರು ಬ್ಯಾಗನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು.

“ಅಕ್ಷರ ನೋಡಿದೆಯಾ?”

“ನೋಡಿದೆ.”

“ಯಾರಿಗೂ ಗೊತ್ತಾಗಲ್ಲ ಅಂತ ನೀನೇ ಇಷ್ಟು ದಪ್ಪ ಅಚ್ಚು ಹಾಕಿಸಿದ್ದೆ. ಅದನ್ನ ನಂಬಿ ಬರೆದೆ. ನಮ್ಮ ಹುಡುಗೀರಿಗೂ ಹೇಳ್ದೆ, ಧೈರ್ಯವಾಗಿ ಬರೀರೇ, ಅವಳು ನಮ್ಮೋಳು ಅಂತ.”

“ತಪ್ಪಾಯ್ತು ಸಿಸ್ಟರ್.”

“ತಪ್ಪೇ. ಆ ಕಾಗದ ನನಗೆ ವಾಪಸ್ ಬೇಕು.”

“ಕೊಡ್ತೀನಿ.”

ನೀವೇ ಕಲಿಸಿದ್ದಲ್ಲವೇ ಎಂಬ ಮಾತು ಬಾಯಿಗೆ ಬಂದಿತ್ತು; ನುಂಗಿಕೊಂಡೆ. ಮೂರನೆಯ ಬಸ್ಸು ಬಂತು. ನನ್ನ ಮೇಲಿನ ಸಿಟ್ಟಿಗೋ ಏನೋ ದಡದಡ ಹೋಗಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕಂಬಿ ಹಿಡಿದರು. ಇನ್ನೊಂದು ಕಾಲು ನೆಲ ಬಿಡಲಿಲ್ಲ. “ಅಮ್ಮಾ, ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ಬಿಡಿ” ಎಂದರು ಕಂಡಕ್ಟರ್. ಸಿಸ್ಟರ್ ಬಿಟ್ಟರು. ಬಂದು ಕಲ್ಲು ಬೆಂಚಿನ ಮೇಲೆ ಕೂತರು.

ರಸ್ತೆಯನ್ನೇ ನೋಡುತ್ತ ಹೇಳಿದರು. “ಇಂಜೆಕ್ಷನ್ ಕೊಟ್ಟು ಬಂದಿರ್ತೀನಿ. ಕೊಟ್ಟೆನಾ ಅಂತ ಮತ್ತೆ ಹೋಗಿ ನೋಡ್ತೀನಿ. ಕೊಟ್ಟಿರ್ತೀನಿ. ಆದ್ರೂ ಇನ್ನೊಂದು ಸಲ ಹೋಗ್ತೀನಿ. ಈ ಕೈ ಮೇಲೆ ನಂಬಿಕೆ ಹೋಗ್ಬಿಟ್ಟಿದೆ ಕಣೇ.”

ಒತ್ತಡದ ಬಗ್ಗೆ ಗಂಟೆಗಟ್ಟಲೆ ಪಾಠ ಹೇಳುವ ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೆ.

ಮರುದಿನ ಫಾರ್ಮನ್ನು ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಸೇರಿಸಿದರು. ಮಾಡಿದ್ದನ್ನು ಗೈಡ್ ಮುಂದೆ ಒಪ್ಪಿಕೊಂಡೆ. “ಒಂದು ಫಾರ್ಮ್ ಹಿಂತಿರುಗಿಸಲಾಗಿದೆ ಅಂತ ಬರೀರಿ. ಯಾಕೆ ಅನ್ನೋದನ್ನೂ ಬರೀರಿ” ಎಂದರು; ಆ ತಿಂಗಳೆಲ್ಲ ನನ್ನೊಡನೆ ಬಿಗಿಯಾಗಿಯೇ ಇದ್ದರು. ಹೊಸ ಪ್ರಶ್ನಾವಳಿಯಲ್ಲಿ ಕಷ್ಟವೇ ನೋವೇ ಎಂದು ಕೇಳಲಿಲ್ಲ. ಕಳೆದ ವಾರ ಎಷ್ಟು ದಿನ ಕೂತು ಊಟ ಮಾಡಿದಿರಿ, ಪಾಳಿ ಮುಗಿದು ಎಷ್ಟು ಹೊತ್ತಿಗೆ ಆಸ್ಪತ್ರೆ ಬಿಟ್ಟಿರಿ ಎಂದು ಕೇಳಿದೆ.

ಮೂರು ವಾರ ಸಿಸ್ಟರ್ ನನ್ನ ಫೋನ್ ಎತ್ತಲಿಲ್ಲ. ನಾನು ಅವರನ್ನು ಕಳೆದುಕೊಂಡೆ ಎಂದೇ ತಿಳಿದಿದ್ದೆ. ಒಂದು ಭಾನುವಾರ ಅವರೇ ಮಾಡಿದರು.

“ರಜೆಗೆ ಬರೀತಿದೀನಿ. ಕಾರಣ ಅನ್ನೋ ಕಡೆ ಪೆನ್ನು ನಿಂತುಹೋಯ್ತು. ಇಷ್ಟು ವರ್ಷ ಮಗಳ ಬಾಣಂತನ, ಅತ್ತೆ ಕಣ್ಣಿನ ಆಪರೇಷನ್, ನಾದಿನಿ ಮನೆ ಗೃಹಪ್ರವೇಶ. ನನಗೆ ಅಂತ ಒಂದಿನಾನೂ ಬರೆದಿಲ್ಲ. ಏನು ಬರೀಲೇ?”

“ಏನಾಗಿದೆಯೋ ಅದನ್ನೇ ಬರೀರಿ ಸಿಸ್ಟರ್.”

“ದಣಿವಾಗಿದೆ ಅಂತ ಬರೆದ್ರೆ ಮೇಟ್ರನ್ ನಗಲ್ವಾ?”

ಮೇಟ್ರನ್ ಎಂದರೆ ಆಸ್ಪತ್ರೆಯ ನರ್ಸ್‌ಗಳಿಗೆಲ್ಲ ಮುಖ್ಯಸ್ಥೆ. ಸಿಸ್ಟರಿಗಿಂತ ವಯಸ್ಸಿನಲ್ಲಿ ಚಿಕ್ಕವರು. ನಗಬಹುದು, ಗೊತ್ತಿಲ್ಲ ಎಂದೆ. ರಜೆಯಲ್ಲಿ ಒಬ್ಬ ಡಾಕ್ಟರನ್ನು ನೋಡಬೇಕು, ಜೊತೆಗೆ ನಾನು ಬರುತ್ತೇನೆ ಎಂದೆ. “ಚೀಟಿ ಬರೆಯೋಕೆ ಬರೋ ಡಾಕ್ಟರಾದ್ರೆ ಆಯ್ತು” ಎಂದು ಇಟ್ಟುಬಿಟ್ಟರು.

ಸೋಮವಾರ ಹನ್ನೊಂದಕ್ಕೆ ಮತ್ತೆ ಫೋನ್. ಮೇಟ್ರನ್ ಕೋಣೆಯ ಹೊರಗಿನ ಕಾರಿಡಾರಿನಿಂದ, ಪಿಸುದನಿಯಲ್ಲಿ.

“ಎರಡು ಸಲ ಓದಿದ್ರು. ನಗಲಿಲ್ಲ. ಕೂತ್ಕೊಳ್ಳಿ ಸಿಸ್ಟರ್ ಅಂದ್ರು. ಎಷ್ಟು ದಿನ ಬೇಕು ಅಂತ ಕೇಳಿದ್ರು. ಹದಿನೈದು ಅಂತ ಬರೆದಿದ್ದೆ, ಬಾಯಲ್ಲಿ ಇಪ್ಪತ್ತು ಅಂತ ಬಂದ್ಬಿಡ್ತು ಕಣೇ.”

“ಕೊಟ್ರಾ?”

“ಹದಿನೆಂಟಕ್ಕೆ ಒಪ್ಪಿದ್ರು.”