ಬಸ್ಸಿನಲ್ಲಿ ಆಡಿದ ಒಂದು ಮಾತು

ಭದ್ರಾವತಿಯ ಜನ್ನಾಪುರದಲ್ಲಿ ಶಿವಮೊಗ್ಗದ ಬಸ್ಸು ಹತ್ತಿದಾಗ ಕೂರಲು ಜಾಗವಿರಲಿಲ್ಲ. ಕ್ಷಯ ತಗುಲಿದ ಹೆಂಗಸರ ಪಾಡನ್ನು ಕೇಳಿ ಬರೆದುಕೊಳ್ಳುವ ಸಂಶೋಧನೆಗಾಗಿ ಎರಡು ವರ್ಷದಿಂದ ಈ ಬೀದಿಗಳಲ್ಲಿ ಓಡಾಡುತ್ತಿದ್ದೇನೆ. ಕೈಯಲ್ಲಿ ಆ ಕೆಲಸದ ನೀಲಿ ಫೈಲಿತ್ತು.

ನಾನು ನಿಂತ ಕಡೆಯೇ, ನಾನು ಪಾಡು ಬರೆದುಕೊಂಡವರಲ್ಲಿ ಒಬ್ಬಳಾದ ಸರೋಜ ಕೂತಿದ್ದಳು. ಮದುವೆಯಾಗಿ ವರ್ಷವಾಗಿದೆ. ಕಾಯಿಲೆ ಗೊತ್ತಾದರೆ ಗಂಡನ ಮನೆಯವರು ತವರಿಗೆ ಅಟ್ಟುತ್ತಾರೆಂದು, ಶಿವಮೊಗ್ಗದ ಕೋಟೆಯ ದೇವಸ್ಥಾನಕ್ಕೆ ಹರಕೆಯೆಂದು ಹೇಳಿ, ಹಣ್ಣುಕಾಯಿ ಬುಟ್ಟಿ ಹಿಡಿದು, ವಾರಕ್ಕೆ ಮೂರು ದಿನ ಅಲ್ಲಿನ ಆಸ್ಪತ್ರೆಯಲ್ಲಿ ಮಾತ್ರೆ ನುಂಗಿ ಬರುತ್ತಾಳೆ. ಆಸ್ಪತ್ರೆಯ ಬೆಂಚಿನ ಮೇಲೆ ಅವಳೇ ನನಗೆ ಹೇಳಿದ್ದು.

ಕಂಡ ಖುಷಿಗೆ, "ಏನಮ್ಮ, ಮುಖ ಗೆಲುವಾಗಿದೆಯಲ್ಲ!" ಎಂದುಬಿಟ್ಟೆ.

ಅವಳು ಕಿಟಕಿಯತ್ತ ತಿರುಗಿದಳು. ಪಕ್ಕದಲ್ಲಿ ಕೂತಿದ್ದ ಅವಳ ಎದುರುಮನೆಯಾಕೆ ನನ್ನ ಫೈಲು ನೋಡಿದಳು.

"ಈ ಮೇಡಂ ನಿಂಗೆ ಹೆಂಗೆ ಪರಿಚಯ ಮಾರಾಯ್ತಿ? ಇವ್ರು ಕೆಮ್ಮಿನೋರ ಮನೆಗೆ ಮಾತ್ರ ಹೋಗೋದಲ್ವಾ?"

ನನ್ನ ಹೆಜ್ಜೆಯನ್ನು ಬೀದಿ ಇಷ್ಟು ಗಮನಿಸಿದೆಯೆಂದು ನನಗೆ ಹೊಳೆದೇ ಇರಲಿಲ್ಲ.

"ಬೇರೆ ಯಾರೋ ಅನ್ಕೊಂಡ್ರೇನೋ ಅಕ್ಕ," ಎಂದಳು ಸರೋಜ.

"ಹೌದಮ್ಮ, ತಪ್ಪು ತಿಳಿದೆ," ಎಂದೆ ನಾನೂ.

"ಹಂಗಾ? ಬುಟ್ಟಿ ಇಲ್ಲಿ ಕೊಡು. ಇವತ್ತು ನಾನೂ ನಿನ್ ಜೊತೆ ದೇವಸ್ಥಾನಕ್ಕೇ ಬರ್ತೀನಿ. ಒಟ್ಟಿಗೇ ವಾಪಸ್ ಹೋಗಣ," ಎಂದಳು ಎದುರುಮನೆಯಾಕೆ.

ಆಸ್ಪತ್ರೆಯ ಸ್ಟಾಪಿನಲ್ಲಿ ಬಸ್ಸು ನಿಂತಿತು. ಸರೋಜ ಏಳಲಿಲ್ಲ. ಸೆರಗನ್ನು ಬಾಯಿಗೊತ್ತಿ ಕೂತೇ ಇದ್ದಳು.

ನನ್ನ ಪ್ರಶ್ನಾವಳಿಯಲ್ಲಿ, ಮಾತ್ರೆ ತಪ್ಪಿದ್ದರೆ ಕಾರಣವೇನು ಎಂಬ ಕಾಲಂ ಇದೆ. ಅವಳ ಹಾಳೆಯಲ್ಲಿ ನಿನ್ನೆಯವರೆಗೂ ಅದು ಖಾಲಿಯಿತ್ತು.