ಮನೆಯಲ್ಲಿ ವಾಸಿಸುವ ವಯಸ್ಕರು

ತಾಯಿಯಾಗುವುದೆಂದರೆ ಸಹನೆಯ ಮಹಾತಪಸ್ಸು ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ನೈರೋಬಿಯ ಪೊಲೀಸ್ ಕಚೇರಿಯಲ್ಲಿ ಹತ್ತು ಬೆರಳಿಗೂ ಮಸಿ ಬಳಿಸಿಕೊಂಡು, ನಲ್ಲಿಯಲ್ಲಿ ನೀರಿಲ್ಲವೆಂದು ಆಮೇಲೆ ತಿಳಿದು, ತಮ್ಮ ಸೆರಗನ್ನೇ ದಿಟ್ಟಿಸುತ್ತ ನಿಂತವರಲ್ಲ.

ನಾನು ನಿಂತಿದ್ದೆ. ಆಗ ನನಗೆ ನಲವತ್ತನಾಲ್ಕು ವರ್ಷ ಹತ್ತು ತಿಂಗಳು. ಮದುವೆಯಾಗಿರಲಿಲ್ಲ. ಊರ ಹೊರವಲಯದ ಕರೆನ್ ಬಡಾವಣೆಯ ಒಂದು ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ, ಪಾರ್ಕ್‌ಲ್ಯಾಂಡ್ಸ್‌ನ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆ, ಎರಡರ ನಡುವೆ ಕಾರಿನಲ್ಲಿ ಆಯುಷ್ಯ ಕಳೆಯುತ್ತಿದ್ದೆ. ಭಾರತದಿಂದ ಒಂದು ಮಗುವನ್ನು ದತ್ತು ತೆಗೆದುಕೊಳ್ಳಬೇಕೆಂದು ಅರ್ಜಿ ಹಾಕಿದ್ದೆ. ನನ್ನ ದೇಶದ್ದೇ ಮಗು, ಆದರೆ ಕಾಗದದ ಮೇಲೆ ವಿದೇಶದಿಂದ ಬರುವ ಮಗು. ಅದರ ಕಡೆಯಿಂದ ನೋಡಿದರೆ ನಾನೇ ವಿದೇಶ.

ಏಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಘನವಾದ ಕಾರಣ ಕೊಟ್ಟಿದ್ದೇನೆ. ನಿಜ ಇಷ್ಟೆ: ಒಂದು ಭಾನುವಾರ ಬೆಳಗ್ಗೆ ಮಗು ಬೇಕು ಅನ್ನಿಸಿತು. ಮುಂದಿನ ಭಾನುವಾರವೂ ಅನ್ನಿಸಿತು. ಎರಡು ವರ್ಷ ಭಾನುವಾರಗಳು ಒಂದೇ ಮಾತು ಹೇಳಿದ ಮೇಲೆ ಅರ್ಜಿ ತರಿಸಿದೆ.

ಬೇಕಾಗಿದ್ದದ್ದು ಎರಡೋ ಮೂರೋ ವರ್ಷದ ಮಗು. ಇಲ್ಲಿ ಬೆಳೆದ ನಮ್ಮವರ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ನನ್ನದನ್ನು ಮಾತು ಬಲಿಯುವ ಮೊದಲೇ ಹಿಡಿಯಬೇಕೆಂಬುದು ನನ್ನ ಯೋಜನೆ. ಅಡ್ಡ ನಿಂತಿದ್ದು ಒಂದು ನಿಯಮ. ನಲವತ್ತೈದು ದಾಟಿದ ಒಂಟಿ ಹೆಂಗಸಿಗೆ ನಾಲ್ಕು ವರ್ಷದೊಳಗಿನ ಮಗುವಿಲ್ಲ. ನೋಂದಣಿಯ ದಿನ ಎಷ್ಟು ವಯಸ್ಸೋ ಅಷ್ಟೇ ಲೆಕ್ಕ. ನೋಂದಣಿ ಆಗಬೇಕಾದರೆ ಸಮಾಜ ಕಾರ್ಯಕರ್ತೆ ಮನೆಗೆ ಬಂದು ನೋಡಿ ವರದಿ ಬರೆಯಬೇಕು. ನನ್ನ ಹತ್ತಿರ ಎರಡು ತಿಂಗಳಿತ್ತು. ಸಾಕು ಎಂದುಕೊಂಡಿದ್ದೆ.

ಮನೆ ನೋಡಲು ಬರುತ್ತಾರೆ ಎಂಬ ಸುದ್ದಿ ಎದುರು ಫ್ಲ್ಯಾಟಿನ ಡಾಕ್ಟರಮ್ಮನಿಗೆ ತಲುಪಿದ್ದೇ ತಪ್ಪಾಯಿತು. ಮೈಸೂರಿನವರು, ಮೂವತ್ತು ವರ್ಷ ಇದೇ ಊರಿನ ಮಕ್ಕಳಿಗೆ ಔಷಧಿ ಕೊಟ್ಟು ನಿವೃತ್ತರಾದವರು. ತಮ್ಮ ಮಕ್ಕಳು ಮಲಗಿದ್ದ ಪುಟ್ಟ ಮಂಚವನ್ನು, ಸುತ್ತ ಕಟಕಟೆಯಿರುವಂಥದ್ದು, ಆಗಲೇ ತಂದು ನನ್ನ ಎರಡನೇ ಕೋಣೆಯಲ್ಲಿ ಪ್ರತಿಷ್ಠಾಪಿಸಿದ್ದರು.

"ಒಬ್ಳೇ ಕೂತಿರೋದು ನೋಡಿದ್ರೆ ಮಗು ಕೊಡಲ್ಲ ಕಣೆ. ಮನೆ ಅಂದ್ರೆ ಜನ ಕಾಣ್ಬೇಕು."

"ಒಂಟಿ ಅಂತ ಅರ್ಜೀಲೇ ಬರ್ದಿದೀನಲ್ಲ."

"ಬರ್ದಿರೋದು ಬೇರೆ, ಕಣ್ಣಿಗೆ ಕಾಣೋದು ಬೇರೆ. ನನ್ನ ನೋಡೋಕೆ ಬಂದಾಗ ನಮ್ಮಪ್ಪ ಪಕ್ಕದ್ಮನೆಯಿಂದ ಆರು ಜನಾನೂ ಒಂದು ಸೋಫಾನೂ ತರ್ಸಿದ್ರು."

"ಆಮೇಲೆ?"

"ಸೋಫಾ ವಾಪಸ್ ಹೋಯ್ತು. ನಾನು ಇಲ್ಲಿದೀನಿ."

ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೆ? ಕೆಳಗಿನ ಮಹಡಿಯ ಮಂಗಳೂರಿನ ಟೀಚರ್ ಕೂಡ ಕೈ ಜೋಡಿಸಿದರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಭಾನುವಾರ ಚರ್ಚಿನ ಗಾಯನ. ಎಲ್ಲದಕ್ಕೂ ಒಂದೇ ಎತ್ತರದ ದನಿ. "ನೀವು ಸುಮ್ನೆ ಕೂತ್ಕೊಳ್ಳಿ ಮಾರಾಯ್ತಿ. ಮಾತಾಡ್ಲಿಕ್ಕೆ ನಾವಿದ್ದೇವೆ."

ಆ ಶನಿವಾರ ಕೇಸರಿಬಾತು, ಉಪ್ಪಿಟ್ಟು, ಬೆಳ್ಳಿ ಲೋಟ. ನನಗೆ ರೇಷ್ಮೆ ಸೀರೆ ಉಡಿಸಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಇದೇ ವ್ಯವಸ್ಥೆಯನ್ನು ಮೂರು ಸಲ ಕೆಡಿಸಿದ್ದೆ. ಈಗ ತಲೆ ಬಾಗಿಸಿ ಕುಳಿತೆ.

ಬಂದವರು ಸುಮಾರು ನನ್ನದೇ ವಯಸ್ಸಿನ ಕೀನ್ಯಾದ ಹೆಂಗಸು. ಪ್ರಶ್ನೆ ಕೇಳಿ, ಉತ್ತರವನ್ನು ಪೂರ್ತಿ ಬರೆದು ಮುಗಿಸುವವರೆಗೆ ತಲೆ ಎತ್ತದವರು. ಕೇಸರಿಬಾತು ಒಂದು ಚಮಚ ತಿಂದು "ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ವಂದಿಸಿ ತಟ್ಟೆ ಪಕ್ಕಕ್ಕಿಟ್ಟರು. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ.

"ಇವರು ನಿಮಗೆ ಏನಾಗಬೇಕು?" ಎಂದು ನನ್ನನ್ನೇ ಕೇಳಿದರು.

"ಅಕ್ಕ," ಎಂದರು ಡಾಕ್ಟರಮ್ಮ, ನನ್ನ ಬದಲಿಗೆ.

"ನಾನು ತಂಗಿ," ಎಂದರು ಟೀಚರ್. ನನಗಿಂತ ಆರು ವರ್ಷ ದೊಡ್ಡವರು.

"ಇಲ್ಲಿಗೆ ಬರುತ್ತಾ ಇರುತ್ತೀರಾ?"

"ಬರೋದೇನು?" ಎಂದರು ಡಾಕ್ಟರಮ್ಮ. "ಇದು ನನ್ನ ಮನೆಯೇ. ಬೆಳಗಿನ ಕಾಫಿ ಇಲ್ಲೇ, ರಾತ್ರಿ ಊಟ ಇಲ್ಲೇ."

ಅವರು ಬರೆದುಕೊಂಡರು. ಬಾಗಿಲಲ್ಲಿದ್ದ ಮೂರು ಜೊತೆ ಚಪ್ಪಲಿ, ಟಿವಿಯ ಮೇಲೆ ಡಾಕ್ಟರಮ್ಮನ ಕನ್ನಡಕ, ಅಡುಗೆಮನೆಯಲ್ಲಿ ಟೀಚರ್ ಹೆಸರು ಕೊರೆದಿದ್ದ ಕುಕ್ಕರು, ಎಲ್ಲವನ್ನೂ ನೋಡಿದರು. ನಾನು ಆ ಕ್ಷಣದಲ್ಲೇ ತಿದ್ದಬಹುದಿತ್ತು. ಆದರೆ ಅಕ್ಕ ಎಂದು ಹೇಳಿಕೊಂಡವರನ್ನು ಅವರೆದುರಿಗೇ, ಅವರು ಮಾಡಿದ ಕೇಸರಿಬಾತನ್ನು ಕೈಯಲ್ಲಿ ಹಿಡಿದು, ಅಕ್ಕ ಅಲ್ಲ ಎನ್ನುವ ನಾಲಿಗೆಯನ್ನು ನಮ್ಮ ಕಡೆ ಯಾರಿಗೂ ಕೊಟ್ಟು ಕಳಿಸುವುದಿಲ್ಲ. ಇನ್ನೊಂದು ಚಮಚ ಕೇಸರಿಬಾತು ತಿಂದೆ.

ಹತ್ತು ದಿನದ ಮೇಲೆ ರಿವರ್‌ಸೈಡ್‌ನಲ್ಲಿದ್ದ ಸಮಾಜ ಕಾರ್ಯಕರ್ತೆಯ ಕಚೇರಿಯಲ್ಲಿ ವರದಿ ಓದಿದೆ. ಒಳ್ಳೆಯ ವರದಿ. 'ಆತ್ಮೀಯ ಕುಟುಂಬ' ಎಂದಿತ್ತು. ಅದರ ಕೆಳಗೆ: ಅರ್ಜಿದಾರರ ಜೊತೆ ವಾಸಿಸುವ ವಯಸ್ಕರು, ಇಬ್ಬರು, ಒಬ್ಬ ಅಕ್ಕ, ಒಬ್ಬ ತಂಗಿ. ಅದರ ಕೆಳಗೆ: ಅರ್ಜಿದಾರರದರಂತೆ ಈ ಇಬ್ಬರ ಪೊಲೀಸ್ ಸನ್ನಡತೆ ಪತ್ರವೂ ಬಂದ ಮೇಲೆ ಕಡತ ಮುಂದಕ್ಕೆ.

ನಾನು ಸತ್ಯ ಹೇಳಿದೆ. ಅವರು ಅಕ್ಕತಂಗಿಯರಲ್ಲ, ನೆರೆಯವರು, ಅವರವರ ಮನೆ ಅವರವರಿಗಿದೆ.

ಆಕೆ ನಗಲಿಲ್ಲ. "ಸುಳ್ಳು ಹೇಳಿದರೇ?"

"ಇಲ್ಲ. ಮರ್ಯಾದೆಗೆ ಹೇಳಿದರು."

"ನಿಮ್ಮ ಮನೆಯ ಬೀಗದ ಕೈ ಅವರ ಹತ್ತಿರ ಇದೆಯೆ?"

"ಇದೆ."

"ಇಬ್ಬರ ಹತ್ತಿರವೂ?"

"ಇಬ್ಬರ ಹತ್ತಿರವೂ."

"ದಿನಾ ಬರುತ್ತಾರೆ?"

"ದಿನಾ."

"ಹಾಗಾದರೆ ಅವರು ಎಲ್ಲಿ ಮಲಗುತ್ತಾರೆ ಅನ್ನುವುದನ್ನು ತಿದ್ದುತ್ತೇನೆ. ಅವರು ಯಾರು ಅನ್ನುವುದು ನನಗೆ ಪೊಲೀಸರಿಂದ ಗೊತ್ತಾಗಬೇಕು. ಆ ಮನೆಯಲ್ಲಿರುವುದು ಮಗು."

ಮನೆಗೆ ಬಂದು ಇಬ್ಬರಿಗೂ ಹೇಳಿದೆ.

"ಮೂವತ್ತು ವರ್ಷ ಈ ಊರಿನ ಮಕ್ಕಳಿಗೆ ಸೂಜಿ ಚುಚ್ಚಿದೀನಿ," ಎಂದರು ಡಾಕ್ಟರಮ್ಮ, "ನನಗೆ ಸನ್ನಡತೆ ಪತ್ರ?" ಆದರೂ ಮರುದಿನವೇ ಹೋದರು. ಟೀಚರ್ ಪತ್ರ ಎರಡು ವಾರದಲ್ಲಿ ಬಂತು. ಅವರ ನಡತೆ ಎಲ್ಲ ಕಡೆಯಿಂದಲೂ ಚೆನ್ನಾಗಿತ್ತು. ಡಾಕ್ಟರಮ್ಮನದು ತಿರುಗಿ ಬಂತು. ಬೆರಳ ಗುರುತು ಮೂಡಿಲ್ಲ, ಮತ್ತೆ ಕೊಡತಕ್ಕದ್ದು. ಮೂವತ್ತು ವರ್ಷ, ಒಂದೊಂದು ಮಗುವನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆದು ತೊಳೆದು, ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಎರಡನೇ ಸಲ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹಿಂದಿನ ದಿನವೆಲ್ಲ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಪಾತ್ರೆ ಮುಟ್ಟದೆ, ವ್ರತದಲ್ಲಿದ್ದವರಂತೆ ಕುಳಿತಿದ್ದರು. ಪೊಲೀಸಿನವನು ಒಂದೊಂದೇ ಬೆರಳನ್ನು ಒತ್ತಿ ನೋಡಿ, "ಮಾಮಾ, ನಿಮ್ಮನ್ನು ಯಾವ ಕಳ್ಳತನದಲ್ಲೂ ಹಿಡಿಯೋಕಾಗಲ್ಲ," ಎಂದ. ಇಲ್ಲಿ ಮಾಮಾ ಎಂದರೆ ಅಮ್ಮ. ಡಾಕ್ಟರಮ್ಮ ನಗಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಿದ್ದರು.

ಅವರ ಪತ್ರ ಬಂದದ್ದು ನನ್ನ ನಲವತ್ತೈದನೇ ಹುಟ್ಟುಹಬ್ಬ ಕಳೆದು ಒಂಬತ್ತನೆಯ ದಿನ.

ಅಂದು ಸಂಜೆ ಡಾಕ್ಟರಮ್ಮ ತಮ್ಮ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆಯದೆ ಬೆಲ್ ಮಾಡಿದರು. ಅದೇ ಮೊದಲು. ಎರಡನೇ ಕೋಣೆಗೆ ಹೋಗಿ ಪುಟ್ಟ ಮಂಚದ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡರು.

"ನಾನು ಬಾಯ್ ಮುಚ್ಕೊಂಡಿದ್ದಿದ್ರೆ ಆಗ್ತಿತ್ತು."

"ನಾನು ಮುಚ್ಕೊಂಡೇ ಇದ್ದೆ," ಎಂದೆ. "ಕೆಟ್ಟಿದ್ದು ಅದ್ರಿಂದಾನೇ."

ಅವರು ಕಟಕಟೆಯ ಒಂದು ಕಂಬಿಯನ್ನು ಸೆರಗಿನಿಂದ ಒರೆಸಿದರು. "ಮತ್ತೆ ಈಗ? ಬಿಟ್ಬಿಡ್ತೀಯಾ?"

"ಭಾನುವಾರ ನೋಡ್ತೀನಿ."

ಭಾನುವಾರ ಬಂತು. ಮಗು ಬೇಕು ಅನ್ನಿಸಿತು. ಎಷ್ಟು ವರ್ಷದ್ದು ಎಂಬ ಬಗ್ಗೆ ಭಾನುವಾರಕ್ಕೆ ಅಭಿಪ್ರಾಯವಿದ್ದಂತೆ ಕಾಣಲಿಲ್ಲ. ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ಮುಂದಿನ ಮಟಾಟು ವ್ಯಾನೊಂದು ರಸ್ತೆಗೆ ಅಡ್ಡ ನಿಂತು ಜನ ಇಳಿಸುತ್ತಿರುವಾಗ, ಕಾರಿನಿಂದಲೇ ರಿವರ್‌ಸೈಡಿಗೆ ಫೋನ್ ಮಾಡಿ, ನಾಲ್ಕರಿಂದ ಎಂಟರೊಳಗಿನ ಮಗುವಿಗೆ ನೋಂದಣಿ ಮಾಡಿ ಎಂದೆ. ಕಟಕಟೆಯ ಮಂಚ ಎದುರು ಮನೆಗೆ ಹಿಂದಿರುಗಿತು. ಐದೂವರೆ ಅಡಿಯ ಮಂಚವೊಂದನ್ನು ಕೊಂಡು ತಂದೆ.

ಆಮೇಲೆ ಕಾಯುವ ಕೆಲಸ. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಏನೂ ಆಗಲಿಲ್ಲ. ಒಂದು ದಿನ ಮಹಾರಾಷ್ಟ್ರದ ಒಂದು ಊರಿನಿಂದ ಫೋಟೋ ಬಂತು. ಹುಡುಗಿ, ಎರಡು ಜಡೆ, ಛಾಯಾಗ್ರಾಹಕನ ಮೇಲೆ ಸ್ಪಷ್ಟವಾದ ಅಪನಂಬಿಕೆ. ಒಪ್ಪಿಗೆ ಬರೆದು ಕಳಿಸಿದೆ. ಕೆಲವು ದಿನಗಳಲ್ಲಿ ವಿಡಿಯೋ ಕಾಲ್‌ಗೆ ಸಮಯ ಕೊಟ್ಟರು.

ಅವಳಿಗೆ ಬರುತ್ತಿದ್ದದ್ದು ಮರಾಠಿ. ಕನ್ನಡದ ಕುರಿತ ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ಕೊಂಕಣಿಯಿಂದ ಮರಾಠಿಗೆ ಒಂದು ಗೋಡೆ ಅಷ್ಟೆ ಎಂದು ಹೇಳಿಕೊಂಡು ಟೀಚರ್ ಪಕ್ಕದಲ್ಲಿ ಕುಳಿತರು. ಕರೆಯದಿದ್ದರೂ ಡಾಕ್ಟರಮ್ಮ ಇನ್ನೊಂದು ಪಕ್ಕದಲ್ಲಿ. ಪರದೆಯಲ್ಲಿ ಹುಡುಗಿ ನಮ್ಮ ಮೂವರನ್ನೂ ಎಡದಿಂದ ಬಲಕ್ಕೆ ನೋಡಿ ಏನೋ ಕೇಳಿದಳು.

"ಯಾರದು ಅಂತ ಕೇಳ್ತಾಳೆ," ಎಂದರು ಟೀಚರ್. "ಮೂವರಲ್ಲಿ ಯಾರು, ಅಂತ."

ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡರು. "ಹೇಳಿ ಟೀಚರ್, ನಾನು ಎದುರುಮನೆ ಅಂತ."

ಟೀಚರ್ ಹೇಳಿದರು. ತಮ್ಮದು ಕೆಳಗಿನ ಮನೆ ಎಂದೂ ಹೇಳಿದರು. ಹುಡುಗಿ ಉಳಿದವಳನ್ನು ನೋಡಿದಳು. ನಾನು ಕೈ ಎತ್ತಿದೆ, ಹಾಜರಿ ಕರೆದಾಗ ಎತ್ತುವಂತೆ.

ಮಗಳು ನೈರೋಬಿಗೆ ಬಂದಾಗ ಅವಳಿಗೆ ಆರು ವರ್ಷ ಮೂರು ತಿಂಗಳು. ಶಾಲೆಯ ಅರ್ಜಿಯಲ್ಲಿ ಮನೆಯಲ್ಲಿ ವಾಸಿಸುವವರು ಎಂಬಲ್ಲಿ ಇಬ್ಬರು ಎಂದು ಬರೆದೆ.