ಲಾಕರಿನಲ್ಲಿ ಸಿಕ್ಕಿಬಿದ್ದ ಪಾಸ್‌ಪೋರ್ಟ್

ಸಿಂಗಾಪುರದ ಹಳೆಯ ಕಂಪನಿಯನ್ನು ಬಿಟ್ಟಾಗಿತ್ತು. ಅವರು ಕೊಡಿಸಿದ್ದ ಕೆಲಸದ ವೀಸಾ ಅಲ್ಲಿಗೇ ರದ್ದಾಯಿತು. ಹೊಸ ಕಂಪನಿ ಹಾಕಿದ್ದ ಅರ್ಜಿಗೆ ಒಪ್ಪಿಗೆ ಪತ್ರ ಇನ್ನೂ ಬಂದಿರಲಿಲ್ಲ. ಈಗ ದೇಶ ಬಿಟ್ಟು ಹೋಗಬೇಡಿ, ಪತ್ರವಿಲ್ಲದೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ಆ ಕಂಪನಿಯವರು ಹೇಳಿಯೇ ಇದ್ದರು. ಆದರೆ ಕೋಲ್ಕತ್ತದಲ್ಲಿ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಆ ಮಗುವಿಗೆ ಇರುವ ಸೋದರತ್ತೆ ನಾನೊಬ್ಬಳೇ. ಬಂದೆ.

ಹೆಸರು ಹೇಳಿದ ಮೇಲೆ ಕಾಯುವುದೊಂದೇ ಕೆಲಸ. ಟಾಲಿಗಂಜ್ ಬಡಾವಣೆಯ ಅಪ್ಪನ ಫ್ಲ್ಯಾಟಿನಲ್ಲಿ ಎಲ್ಲರೂ ಮಗುವಿನ ಮುಖ ನೋಡುತ್ತಿದ್ದರೆ ನಾನು ಫೋನಿನ ಮುಖ ನೋಡುತ್ತಿದ್ದೆ. "ಅತ್ತಿಗೆ, ಅದಕ್ಕೂ ಒಂದು ತೊಟ್ಟಿಲು ಕಟ್ಬೇಕಾ?" ಎಂದಳು ತಮ್ಮನ ಹೆಂಡತಿ. ನನಗೆ ನಗು ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಪ್ಪ, ಸಮಾರಂಭಕ್ಕೆಂದು ತಂದಿದ್ದ ಒಡವೆಗಳನ್ನು ಲಾಕರಿಗೆ ಒಯ್ಯಲು ಹೊರಟರು. ಕೋಲ್ಕತ್ತದ ಬ್ಯಾಂಕಿನಲ್ಲೇ ದುಡಿದು, ನಿವೃತ್ತರಾಗಿ ಇಲ್ಲೇ ನೆಲೆಸಿದವರು. ಬೆಲೆಬಾಳುವ ವಸ್ತು ಮನೆಯಲ್ಲಿದ್ದರೆ ಅವರಿಗೆ ಊಟ ಸೇರುವುದಿಲ್ಲ.

"ಪತ್ರ ಬಂತಾ?"

"ಇಲ್ಲ ಅಪ್ಪ. ಬಂದ್ರೆ ಮುಂದಿನ ವಾರ."

"ಹಾಗಾದ್ರೆ ನಿನ್ನ ಪಾಸ್‌ಪೋರ್ಟೂ ಕೊಡು. ಅದು ಮನೇಲಿ ಇಡುವ ವಸ್ತು ಅಲ್ಲ."

ಕೊಟ್ಟೆ.

ಸಂಜೆ ಆರಕ್ಕೆ ಪತ್ರ ಬಂತು. ಸೋಮವಾರವೇ ಕೆಲಸಕ್ಕೆ ಹಾಜರಾಗಬೇಕಂತೆ. ಕುಣಿಯುತ್ತ ಟಿಕೆಟ್ ಹುಡುಕಲು ಕುಳಿತವಳಿಗೆ ಥಟ್ಟನೆ ಹೊಳೆಯಿತು: ನಾಳೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ನಾಡಿದ್ದು ಭಾನುವಾರ.

"ಮ್ಯಾನೇಜರಿಗೆ ಒಂದು ಫೋನ್ ಮಾಡಿ ಅಪ್ಪ. ನಿಮ್ಮ ಹಳೇ ಬ್ರಾಂಚೇ ಅಲ್ವಾ?"

"ರಜೆ ದಿನ ಲಾಕರ್ ತೆಗೀಲಿಕ್ಕೆ ಆಗುದಿಲ್ಲ. ನಾನೇ ಎಷ್ಟು ಜನರನ್ನ ವಾಪಸ್ ಕಳಿಸಿದ್ದೇನೆ. ಈಗ ಯಾವ ಮುಖ ಇಟ್ಕೊಂಡು ಕೇಳುದು?"

ಬಾಯಿಗೆ ಬಂದದ್ದೆಲ್ಲ ಆಡಿದೆ. ನನ್ನ ಹೊಟ್ಟೆಪಾಡಿಗಿಂತ ನಿಮ್ಮ ಮುಖ ದೊಡ್ಡದೇ ಎಂದೂ ಕೇಳಿದೆ. ಗುರುವಾರ ಬಂದರೆ ಆಗಬಹುದೇ ಎಂದು ಕಂಪನಿಗೆ ಬರೆದೆ. ಶನಿವಾರ ಉತ್ತರವಿಲ್ಲ, ಭಾನುವಾರವೂ ಇಲ್ಲ. ಹಳೆಯ ಕೆಲಸ ಹೋಗಿತ್ತು, ಹೊಸದು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಹಾಗಾಗಿತ್ತು. ಅಮ್ಮ ಎರೆದ ನೀರುದೋಸೆಯನ್ನೂ ತಟ್ಟೆಯಲ್ಲೇ ಬಿಟ್ಟೆ. ಅಪ್ಪ ಇದ್ದ ಕೋಣೆಗೆ ನಾನು ಕಾಲಿಡಲಿಲ್ಲ.

ಸೋಮವಾರ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದೆವು. ಪಾಸ್‌ಪೋರ್ಟ್ ಹಿಡಿದು ಹೊರಗೆ ಬರುವಾಗ ಉತ್ತರ ಬಂತು: ಗುರುವಾರ ಬನ್ನಿ, ತೊಂದರೆಯಿಲ್ಲ. ಕಣ್ಣಲ್ಲಿ ನೀರು ಬಂತು, ಅದರ ಬೆನ್ನಿಗೇ ಸಿಟ್ಟು.

"ಜನ್ಮವಿಡೀ ಬ್ಯಾಂಕಲ್ಲಿ ಕಳೆದವರಿಗೆ ಎರಡನೇ ಶನಿವಾರ ಮರ್ತು ಹೋಯ್ತಾ?"

ಅಪ್ಪ ಫುಟ್‌ಪಾತಿನಲ್ಲೇ ನಿಂತರು.

"ಮರೀಲಿಲ್ಲ. ಪತ್ರ ಬಂದ ದಿನವೇ ನೀನು ಹೊರಡ್ತಿ ಅಂತ ಗೊತ್ತಿತ್ತು. ಎರಡು ದಿನ ಜಾಸ್ತಿ ಇರ್ಲಿ ಅಂತ ಅನ್ನಿಸ್ತು. ಸೋಮವಾರವೇ ಬಾ ಅಂತಾರೆ ಅಂತ ನಂಗೆಂತ ಗೊತ್ತು ಮಗಾ?"

ಮೂರು ದಿನ ನಾನು ಸತ್ತು ಬದುಕಿದ್ದೆ. ಪರವಾಗಿಲ್ಲ ಎನ್ನಲು ಆಗ ಬಾಯಿ ಬರಲಿಲ್ಲ, ಇವತ್ತಿಗೂ ಅಂದಿಲ್ಲ. ಮನೆಗೆ ಬಂದು ಟಿಕೆಟ್ ನೋಡಿದಾಗ ಮಂಗಳವಾರದ ವಿಮಾನದಲ್ಲಿ ಸೀಟಿತ್ತು, ಬುಧವಾರ ರಾತ್ರಿಯದರಲ್ಲೂ ಇತ್ತು. ಬುಧವಾರದ್ದನ್ನು ತೆಗೆದುಕೊಂಡೆ.